ಹಿಂದೆ ಬರುವ ದನಿ

ಗಂಟಲಿನ ಆಪರೇಷನ್ ಆದಮೇಲೆ ಅಕ್ಕ ಫೋನಿನಲ್ಲಿ ಮಾತಾಡುವುದು ಕಡಿಮೆಯಾಯಿತು. ಮೊದಲೆಲ್ಲ ನಾನು ಹಲೋ ಅನ್ನುವ ಮುಂಚೆಯೇ ಅರ್ಧ ಊರಿನ ಸುದ್ದಿ ಮುಗಿಸಿರುತ್ತಿದ್ದಳು. ಈಗ ನಾನು ಏನು ಹೇಳಿದರೂ 'ಹೂಂ'. ಆ ಹೂಂ ಕೂಡ ಎಣ್ಣೆ ಕಾಣದ ಬಾಗಿಲು ಕಿರುಗುಟ್ಟಿದ ಹಾಗೆ. ಗಾಯ ಮಾಗಿದೆ, ಬಳಸದೇ ಇಟ್ಟರೆ ದನಿ ಹೀಗೇ ಉಳಿದುಬಿಡುತ್ತದೆ, ದಿನಾ ಸ್ವಲ್ಪ ಹಾಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಬಸ್ಸಿಗೆ ಕಾಯುವಾಗಲೂ ಹಾಡುತ್ತ ನಿಲ್ಲುತ್ತಿದ್ದವಳು ಅವಳು. ಅಂಥವಳು ಬಾಯಿ ತೆರೆಯಲು ಒಪ್ಪಲಿಲ್ಲ.

"ಒಬ್ಬಳೇ ಹಾಡಿದ್ರೆ ನನ್ನ ದನಿ ನನಗೇ ಕೇಳಿಸುತ್ತೆ ಕಣೇ," ಎಂದಳು ಒಮ್ಮೆ. "ಕೇಳಕ್ಕಾಗಲ್ಲ."

"ಹಾಗಾದ್ರೆ ಇಬ್ರೂ ಹಾಡೋಣ. ನಿಂದು ನಂದರೊಳಗೆ ಮುಚ್ಚಿಹೋಗುತ್ತೆ."

"ನಿನ್ನ ದನಿ ಯಾವ ದೊಡ್ಡ ಕಂಬಳಿ ಅಂತ."

ಮೂಗು ಮುರಿದಳೇ ಹೊರತು ಬೇಡ ಅನ್ನಲಿಲ್ಲ. ನನಗೆ ಅಷ್ಟು ಸಾಕಿತ್ತು.

ಹೋಗಿ ಪಕ್ಕದಲ್ಲಿ ಕೂತು ಹಾಡುವಂತಿರಲಿಲ್ಲ. ಅವಳ ಊರಿಗೂ ನನ್ನ ಊರಿಗೂ ನಡುವೆ ಒಂದು ಇಡೀ ರಾತ್ರಿಯ ಬಸ್ಸು. ನನ್ನದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಅಲ್ಲಿ ಒಬ್ಬರು ರಜೆ ಹಾಕಿದರೆ ಉಳಿದವರ ಸೊಂಟ ಬೀಳುತ್ತದೆ. ಮನೆಯಲ್ಲಿ ನಾನು, ಮಗಳು, ಇಬ್ಬರೇ. ಹಾಗಾಗಿ ಆ ವಾರದ ರಜೆಯ ದಿನ ಮಧ್ಯಾಹ್ನ ಊಟ ಮುಗಿಸಿ, ಹಿಂದಿನ ಕೋಣೆಯಲ್ಲಿ ಫೋನು ಹಿಡಿದುಕೊಂಡು ಕೂತೆ. ಆ ಕಡೆ ಅಕ್ಕ ಕೂತಳು. ಹಾಡು ಯಾವುದೆಂದು ಕೇಳುವ ಅಗತ್ಯವೇ ಇರಲಿಲ್ಲ.

ನಾವು ಬೆಳೆದ ಮನೆ ರೈಲು ಡಬ್ಬಿಯ ಹಾಗೆ ಉದ್ದಕ್ಕಿತ್ತು. ಬೀದಿ ಬಾಗಿಲಿನಲ್ಲಿ ನಿಂತರೆ ಹಿತ್ತಲ ಬಾಗಿಲು ಅಂಗೈಯಷ್ಟು ಬೆಳಕಾಗಿ ಕಾಣುತ್ತಿತ್ತು. ಬೆಳಿಗ್ಗೆ ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು, ನಾನು ಬೀದಿ ಕಡೆಯ ಮೆಟ್ಟಿಲು ಗುಡಿಸುತ್ತಿದ್ದೆ. ಅಲ್ಲಿಂದ ಅವಳು ಎತ್ತಿಕೊಂಡರೆ ಇಲ್ಲಿಂದ ನಾನು ಸೇರಿಕೊಳ್ಳುತ್ತಿದ್ದೆ. ಅಮ್ಮ ಹಾಡುತ್ತಿದ್ದ ಹಾಡು ಅದು. ಅಮ್ಮನಿಗೆ ಯಾರು ಕಲಿಸಿದ್ದರೋ, ಅವಳೇ ಕಟ್ಟಿಕೊಂಡಿದ್ದಳೋ, ಕೇಳಬೇಕೆಂಬ ಬುದ್ಧಿ ಆಗ ನಮಗಿಬ್ಬರಿಗೂ ಇರಲಿಲ್ಲ.

ಹಗ್ಗದ ಮೇಲಿನ ಬಿಳಿಯ ಬಟ್ಟೆಯೇ,
ಗಾಳಿ ಬಂದರೆ ಹಾಯಿಯಾಗು.

'ಹಾಯಿಯಾಗು' ಅನ್ನುವಲ್ಲಿ ದನಿಯನ್ನು ಎಳೆದು, ತೂಗಿ, ಆಮೇಲೆ ಇಳಿಸಬೇಕು. ಅಕ್ಕ ಎಳೆಯುತ್ತಿದ್ದಳು, ತೂಗುತ್ತಿದ್ದಳು. ನನಗಾಗಿ ನಿಲ್ಲುತ್ತಿರಲಿಲ್ಲ, ಅಷ್ಟೇ. ನನ್ನ ಉಸಿರು ಗಿಡ್ಡ. ನಾನು ಇನ್ನೊಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅವಳು ಮುಂದಿನ ಸಾಲಿಗೆ ಹೋಗಿಯಾಗಿರುತ್ತಿತ್ತು. ಪೊರಕೆ ಎಸೆದು, ಇಡೀ ಮನೆ ಹಾದು ಹಿತ್ತಲಿಗೆ ಓಡಿ ಜಗಳ ತೆಗೆಯುತ್ತಿದ್ದೆ.

"ಸ್ವಲ್ಪ ಕಾಯಕ್ಕೆ ನಿಂಗೇನು ರೋಗ?"

"ನಾನ್ಯಾಕೆ ಕಾಯ್ಲಿ? ನೀನು ಬಾಲ. ಬಾಲ ಬಂದೇ ಬರುತ್ತೆ," ಎಂದು ಅವಳು ಒದ್ದೆ ಕೈಯಿಂದ ನನ್ನ ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು. ಆಗ ಅಂಟಿದ ಹೆಸರು. ನಾನು ಮದುವೆಯಾಗಿ, ಮಗಳನ್ನು ಹೆತ್ತು, ಗಂಡನನ್ನು ಕಳೆದುಕೊಂಡು, ತಲೆಗೂದಲು ಬೆಳ್ಳಗಾದರೂ ಅವಳಿಗೆ ನಾನು ಬಾಲವೇ.

ಫೋನಿನಲ್ಲಿ ಅವತ್ತು ಹಾಡು ನಾಲ್ಕು ಸಾಲೂ ದಾಟಲಿಲ್ಲ. ಅಕ್ಕನ ದನಿ ತುಂಡು ತುಂಡಾಗಿ ಬಂತು. ನಾನು ಅವಳಿಗಾಗಿ ನಿಧಾನಿಸಿದೆ. ಅವಳು ನನಗಾಗಿ ಇನ್ನೂ ನಿಧಾನಿಸಿದಳು. ಹಾಡು ಎಳೆದು ಎಳೆದು, ಚಾರ್ಜು ಮುಗಿದ ಆಟಿಕೆಯ ಹಾಗೆ ನಿಂತೇಹೋಯಿತು.

"ನೋಡಿದ್ಯಾ," ಎಂದಳು ಅಕ್ಕ. "ನನ್ನಿಂದಲೇ ನಿಂತ್ಹೋಯ್ತು. ತಾಳಾನೂ ಹೋಗಿದೆ ನಂಗೆ. ಬಿಡು ಬಾಲ, ಸಾಕು."

ಫೋನು ಇಟ್ಟಮೇಲೆ ನಾನು ಅಲ್ಲೇ ಕೂತಿದ್ದೆ. ಅವಳು ಹೇಳಿದ ರೀತಿ ನನ್ನನ್ನು ಹೆದರಿಸಿತು. ಬೇಸರದಿಂದ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ತೀರ್ಮಾನ ಮಾಡಿದವಳ ಹಾಗೆ ಹೇಳಿದ್ದಳು.

ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಾಳೆ. ಮನೆಯಲ್ಲಿ ಓದುವುದು ನಾನಂತೂ ನೋಡಿಲ್ಲ.

"ದೊಡ್ಡಮ್ಮನ ತಪ್ಪಲ್ಲ ಅದು," ಎಂದಳು. "ನಿಂದೂ ಅಲ್ಲ. ತಡ ಆಗುತ್ತೆ, ಅಷ್ಟೇ. ನೀನು ಹಾಡಿದ್ದು ಅಲ್ಲಿಗೆ ಹೋಗಕ್ಕೆ ಸ್ವಲ್ಪ ಹೊತ್ತು, ಅವರದು ಇಲ್ಲಿಗೆ ಬರಕ್ಕೆ ಸ್ವಲ್ಪ ಹೊತ್ತು. ಇಬ್ರೂ ಒಬ್ಬರಿಗೊಬ್ಬರು ಕಾಯ್ತಾ ಕೂತ್ರೆ ಹಾಡು ಸಾಯುತ್ತೆ."

"ಮಾತಾಡುವಾಗ ತಡ ಆಗಲ್ವಲ್ಲೇ."

"ಆಗುತ್ತೆ. ಮಾತಲ್ಲಿ ನೀವಿಬ್ರೂ ಹೇಗೂ ಒಬ್ಬರ ಮಾತು ಒಬ್ಬರು ಕೇಳಿಸ್ಕೊಳ್ಳಲ್ಲ, ಅದಕ್ಕೇ ಗೊತ್ತಾಗಲ್ಲ."

ತಡವನ್ನು ಕಡಿಮೆ ಮಾಡಬಹುದು, ಪೂರ್ತಿ ತೆಗೆಯಲಾಗದು ಎಂದಳು. ಹಾಡು ತುಂಡಾಗುವುದು ಹಿಂದಿನ ಕೋಣೆಗೆ ವೈಫೈ ಸರಿಯಾಗಿ ಬರದೇ ಇರುವುದರಿಂದ. ರೂಟರ್ ಇರುವುದು ಮುಂದಿನ ಕೋಣೆಯಲ್ಲಿ, ಚಪ್ಪಲಿ ಗೂಡಿನ ಮೇಲೆ. ನಡುವೆ ಎರಡು ಗೋಡೆ, ಒಂದು ಕಬ್ಬಿಣದ ಬೀರು, ಫ್ರಿಜ್ಜು. ಮುಂದಿನ ಕೋಣೆಯಲ್ಲೇ ಹಾಡೋಣವೆಂದರೆ ಬೀದಿಯ ಹಾರನ್ನುಗಳೂ ನಮ್ಮ ಜೊತೆ ಹಾಡುತ್ತವೆ. ಹಿಂದಿನ ಕೋಣೆಯಲ್ಲಿ ಹಳೆಯ ಹಾಸಿಗೆ, ರಜಾಯಿ ಎಲ್ಲ ಒಟ್ಟಿರುವುದರಿಂದ ದನಿ ಗೋಡೆಗೆ ಬಡಿದು ವಾಪಸು ಬರುವುದಿಲ್ಲ. ಅಂದಮೇಲೆ ಫೋನು ಬಿಟ್ಟು ಕಂಪ್ಯೂಟರಿನಲ್ಲಿ ಹಾಡಬೇಕು, ಅದಕ್ಕೆ ರೂಟರಿನಿಂದ ಹಿಂದಿನ ಕೋಣೆಗೆ ಕೇಬಲ್ ಎಳೆಯಬೇಕು.

"ಯಾರನ್ನಾದ್ರೂ ಕರೆಸೋಣ," ಎಂದಳು.

"ನಾವೇ ಎಳೆಯೋಣ. ದಾರ ಪೋಣಿಸೋದು ಗೊತ್ತು, ಹಗ್ಗ ಕಟ್ಟೋದು ಗೊತ್ತು. ಇದೇನು ಬೇರೆ?"

ಬೇರೆಯೇ ಇತ್ತು. ಪಕ್ಕದ ಮನೆಯಿಂದ ತಂದ ಡ್ರಿಲ್ಲು ಗೋಡೆಗೆ ತಾಗಿಸಿದೊಡನೆ ಅದು ನನ್ನನ್ನೇ ತಿರುಗಿಸಲು ನೋಡಿತು. ಸ್ಟೂಲಿನ ಮೇಲೆ ನಿಂತು ಬಾಗಿಲ ಚೌಕಟ್ಟಿನುದ್ದಕ್ಕೂ, ಅಡುಗೆಮನೆಯ ಅಟ್ಟದ ಕೆಳಗೆ, ಗೇಣಿಗೊಂದರಂತೆ ಕ್ಲಿಪ್ಪು ಹೊಡೆಯುತ್ತ ಹೋದೆ. ಕೆಳಗೆ ಮಗಳು ಕೇಬಲಿನ ಸುರುಳಿ ಬಿಚ್ಚುತ್ತ ಬಂದಳು. ಸುತ್ತಿಗೆ ಎರಡು ಸಲ ಮೊಳೆಗೆ ಬಿದ್ದರೆ ಒಂದು ಸಲ ನನ್ನ ಬೆರಳಿಗೆ. ಹಿಂದಕ್ಕೆ ಬಾಗಿ ನೋಡಿದಾಗ, ಬೀದಿ ಬಾಗಿಲಿನಿಂದ ಹಿಂದಿನ ಕೋಣೆಯವರೆಗೆ ಗೋಡೆಯ ಮೇಲೆ ಬೂದು ಬಣ್ಣದ ಒಂದು ಗೆರೆ ಎಳೆದಂತಿತ್ತು. ನಾವು ಬೆಳೆದ ಆ ಉದ್ದನೆಯ ಮನೆಯಲ್ಲಿ ಮಳೆ ಬಂದ ದಿನ ಅಪ್ಪ ಒಳಗೇ ಕಟ್ಟುತ್ತಿದ್ದ ಹಗ್ಗ ನೆನಪಾಯಿತು. ಇಡೀ ದಿನ ಒದ್ದೆ ಬಟ್ಟೆಗಳನ್ನು ಸರಿಸಿಕೊಂಡೇ ಓಡಾಡಬೇಕಿತ್ತು. ಬಟ್ಟೆಗಳ ಆಚೆ ಎಲ್ಲೋ ಅಕ್ಕ ಹಾಡುತ್ತಿರುತ್ತಿದ್ದಳು. ಕಾಣುತ್ತಿರಲಿಲ್ಲ.

ಕೇಬಲಿನ ಸಿಪ್ಪೆ ಸುಲಿದರೆ ಒಳಗೆ ಎಂಟು ಎಳೆ, ಎರಡೆರಡು ಹೆಣೆದುಕೊಂಡು. ಅವನ್ನು ಬಿಡಿಸಿ, ಬಣ್ಣದ ಪ್ರಕಾರ ಸಾಲಾಗಿ ಜೋಡಿಸಿ, ಗಾಜಿನಂಥ ಪುಟ್ಟ ಪ್ಲಗ್ಗಿನೊಳಗೆ ನುಗ್ಗಿಸಿ ಇಕ್ಕಳದಿಂದ ಒತ್ತಬೇಕು. ದಿನಾ ವಾರ್ಡುಗಳ ಬಟ್ಟೆಯನ್ನು ಬಣ್ಣದ ಪಟ್ಟಿ ನೋಡಿ ಬೇರ್ಪಡಿಸುವವಳು ನಾನು. ಇದನ್ನು ನಂಗೆ ಬಿಡು ಎಂದೆ. ಮುಂದಿನ ತುದಿ ಮಾಡಿದೆ, ಹಿಂದಿನ ತುದಿಯನ್ನೂ ಮಾಡಿದೆ. ಎಳೆಗೊಂದು ದೀಪ ಹೊತ್ತುವ ಪರೀಕ್ಷೆಯ ಡಬ್ಬಿಯನ್ನು ಮಗಳು ಎರಡೂ ತುದಿಗೆ ಸಿಕ್ಕಿಸಿದಳು. ದೀಪಗಳು ಈ ಕಡೆ ಒಂದರಿಂದ ಎಂಟಕ್ಕೆ ಹೋದರೆ ಆ ಕಡೆ ಎಂಟರಿಂದ ಒಂದಕ್ಕೆ ಬಂದವು.

"ಹಿಂದಿನ ತುದೀನ ಮಗುಚಿ ಹಿಡ್ಕೊಂಡು ಮಾಡಿದ್ದೀಯ ಅಮ್ಮಾ," ಎಂದು ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ರೋಗಿಗಳಿಗೂ ಹೀಗೇ ಹಾಸಿನ ಬದಲು ದಿಂಬಿನ ಚೀಲ ಕಳಿಸ್ತೀಯಾ?"

"ನಗು, ನಗು. ರಾತ್ರಿ ಪಾತ್ರೆ ನಿಂದು."

ತುದಿ ಕತ್ತರಿಸಿ ಮತ್ತೆ ಮಾಡಿದೆ. ದೀಪಗಳು ಎರಡೂ ಕಡೆ ಒಂದೇ ಸಾಲಿನಲ್ಲಿ ಓಡಿದಾಗ ನಾನು ಹಿಗ್ಗಿದಷ್ಟು, ಹೆತ್ತ ಮಗು ಮೊದಲ ಹೆಜ್ಜೆ ಇಟ್ಟಾಗಲೂ ಹಿಗ್ಗಿರಲಿಲ್ಲ ಅಂತ ಮಗಳ ದೂರು.

ಕೇಬಲ್ ಆಯಿತು, ಇನ್ನು ಕಂಪ್ಯೂಟರಿನ ಪಾಠ. ಕಂಪ್ಯೂಟರು ದನಿಯನ್ನು ಸಣ್ಣ ಸಣ್ಣ ಚೂರು ಮಾಡಿ ಕಳಿಸುತ್ತದೆ, ಒಂದಷ್ಟು ಚೂರು ಕೂಡುವವರೆಗೆ ಕಾದು ಆಮೇಲೆ ಕೇಳಿಸುತ್ತದೆ, ಆ ಗಂಟಿಗೆ ಬಫರ್ ಅನ್ನುತ್ತಾರೆ ಎಂದು ಮಗಳು ಹೇಳಿಕೊಟ್ಟಳು. ಮೊದಲು ತಲೆಗೆ ಹತ್ತಲಿಲ್ಲ. ಮಾರನೆಯ ದಿನ ಕೆಲಸದಲ್ಲಿ, ಇಸ್ತ್ರಿ ಯಂತ್ರದಿಂದ ಹೊರಬರುವ ಹಾಸುಗಳನ್ನು ಜೊತೆಗಾತಿಯೊಡನೆ ಆ ತುದಿ ಈ ತುದಿ ಹಿಡಿದು ಮಡಚುತ್ತಿದ್ದಾಗ ಹತ್ತಿತು. ನಮ್ಮಲ್ಲಿ ತಳ್ಳುಗಾಡಿ ತುಂಬುವವರೆಗೂ ವಾರ್ಡಿಗೆ ಹೋಗುವುದಿಲ್ಲ. ದೊಡ್ಡ ಗಾಡಿಯಾದರೆ ತಡ. ಸಣ್ಣ ಗಾಡಿಯಾದರೆ ಬೇಗ ಹೋಗುತ್ತದೆ, ಆದರೆ ನಮ್ಮ ಕೈ ಒಂದು ಗಳಿಗೆ ನಿಂತರೂ ಮೇಲೆ ವಾರ್ಡಿನಲ್ಲಿ ಹಾಸಿಗೆ ಬರಿದಾಗಿರುತ್ತದೆ. ಮನೆಗೆ ಬಂದವಳೇ ಚಪ್ಪಲಿ ಬಿಡುವ ಮುಂಚೆ, "ನಿನ್ನ ಗಾಡಿ ಚಿಕ್ಕದು ಮಾಡೇ," ಎಂದೆ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಮಾಡಿದಳು.

ಅಕ್ಕನನ್ನು ಒಪ್ಪಿಸಲು ವಾರ ಹಿಡಿಯಿತು. "ಗೋಡೆಗೆ ತೂತು ಕೊರೆದಿದ್ದೀನಿ ನಿನಗೋಸ್ಕರ," ಎಂದ ಮೇಲೆ ಒಪ್ಪಿದಳು. ಅವಳ ಮನೆಯಲ್ಲಿ ಕಂಪ್ಯೂಟರು ರೂಟರಿನ ಪಕ್ಕದಲ್ಲೇ ಇತ್ತು. ತಂತಿ ಸಿಕ್ಕಿಸುವುದನ್ನೂ ಹೆಡ್‌ಫೋನು ಹಾಕಿಕೊಳ್ಳುವುದನ್ನೂ ಮಗಳು ಫೋನಿನಲ್ಲೇ ಹೇಳಿ ಮಾಡಿಸಿದಳು.

ಮುಂದಿನ ರಜೆಯ ಮಧ್ಯಾಹ್ನ ಅಕ್ಕ ಎತ್ತಿಕೊಂಡಳು. ಯಾವತ್ತೂ ಅವಳೇ ಎತ್ತಿಕೊಳ್ಳುವುದು. ನಾನು ಹಿಂದೆ ಸೇರಿಕೊಂಡೆ. ಅವಳ ದನಿ ಗೊಗ್ಗರಾಗಿತ್ತು, ನಡುನಡುವೆ ಗಾಳಿ ಮಾತ್ರ ಬರುತ್ತಿತ್ತು. ಆದರೂ ಇಬ್ಬರದೂ ಹಾಲು ನೀರಿನ ಹಾಗೆ ಕೂಡಿಕೊಂಡಿತು. ಎರಡನೇ ಸಾಲಿನಲ್ಲಿ ಅವಳು ತಡವರಿಸಿದಳು. ಮೂರನೆಯದರಲ್ಲಿ ನಿಲ್ಲಿಸಿಬಿಟ್ಟಳು.

"ಮತ್ತೆ ತಪ್ಪಿತು."

"ಎಲ್ಲಿ ತಪ್ಪಿತು? ಎಷ್ಟು ಚೆನ್ನಾಗಿ ಕೂಡಿತ್ತು."

"ನೀನು ಹಿಂದೆ ಬೀಳ್ತಿದ್ದೀಯ. ನನ್ನ ಹಾಡು ಸರಿಯಿಲ್ಲದೆ ತಾನೇ ನಿಂಗೆ ಹಿಡಿಯಕ್ಕಾಗ್ತಿಲ್ಲ? ಸಮಾಧಾನಕ್ಕೆ ಸುಳ್ಳು ಹೇಳ್ಬೇಡ ಬಾಲ." ಅವಳು ಕೆಮ್ಮಿದಳು. "ನೀರು ಕುಡಿದು ಬರ್ತೀನಿ. ಆಮೇಲೆ ಇದನ್ನ ಮುಚ್ಚಿಡೋದು ಹೇಗೆ ಅಂತ ನಿನ್ನ ಮಗಳ ಹತ್ರ ಹೇಳಿಸು."

ಮಗಳು ಮೈಕಿನ ದನಿ ಅಡಗಿಸಿ ನನ್ನ ಕಡೆ ತಿರುಗಿದಳು.

"ಅಮ್ಮ, ನಿಂಗೆ ಕೂಡಿತ್ತು. ಅವರಿಗೆ ಕೂಡಿರಲ್ಲ. ಹಿಂದೆ ಹಾಡೋರಿಗೆ ಮಾತ್ರ ಎರಡೂ ಒಟ್ಟಿಗೆ ಕೇಳಿಸೋದು. ಮುಂದೆ ಹಾಡೋರಿಗೆ ಇನ್ನೊಬ್ಬರು ಯಾವಾಗ್ಲೂ ತಡ. ಕೇಬಲ್ಲು ಚಿನ್ನದ್ದೇ ಹಾಕಿದ್ರೂ ಅಷ್ಟೇ."

"ಅಂದ್ರೆ ನಾನು ಮುಂದೆ ಹಾಡ್ಬೇಕು."

"ಹಾಡ್ಬೇಕು. ದೊಡ್ಡಮ್ಮ ತಡವಾಗಿ ಕೇಳಿಸ್ತಾರೆ. ಕೇಳಿಸಿದ್ರೂ ಕಾಯಬಾರದು. ಕಾದ್ರೆ ಕೆಡುತ್ತೆ."

ನಾನು ಯಾವತ್ತೂ ಮೊದಲು ಎತ್ತಿಕೊಂಡವಳಲ್ಲ. ಹಾಡಿನಲ್ಲೂ ಇಲ್ಲ, ಬೇರೆ ಯಾವುದರಲ್ಲೂ ಇಲ್ಲ. ಆ ಕಡೆ ಅಕ್ಕ ಲೋಟ ಕೆಳಗಿಟ್ಟ ಸದ್ದು ಕೇಳಿತು. ಮಗಳು ಮೈಕು ಮತ್ತೆ ತೆರೆದಳು.

"ಅಕ್ಕ, ಒಂದೇ ಸಲ. ನಾನು ಎತ್ಕೋತೀನಿ. ನೀನು ಸುಮ್ನೆ ಹಿಂದೆ ಬಾ."

"ನೀನಾ?"

"ಹೂಂ, ನಾನೇ."

ಎದುರಿಗಿದ್ದ ರಜಾಯಿಯ ಹೂವುಗಳನ್ನೇ ನೋಡುತ್ತ ಶುರು ಮಾಡಿದೆ. ಹಗ್ಗದ ಮೇಲಿನ, ಎಂದೆ. ಕಿವಿಯಲ್ಲಿ ಏನೂ ಇಲ್ಲ. ಬಿಳಿಯ ಅನ್ನುವಷ್ಟರಲ್ಲಿ ಹಿಂದಿನಿಂದ 'ಹಗ್ಗದ' ಎಂದು ಅವಳು ಬಂದಳು, ಗೊಗ್ಗರು ದನಿಯಲ್ಲಿ, ಏದುಸಿರು ಬಿಡುತ್ತ. ನನ್ನ ನಾಲಿಗೆ ತಾನಾಗಿ ನಿಲ್ಲಲು ಹೋಯಿತು. ಕಾಯಿಲೆಯಿಂದ ಎದ್ದ ಅಕ್ಕ, ಪಾಪ, ಒಂದು ಗಳಿಗೆ ನಿಂತರೆ ಬಂದು ಸೇರುತ್ತಾಳೆ ಅನ್ನಿಸಿತು. ಮೇಜಿನ ಅಂಚು ಬಿಗಿಯಾಗಿ ಹಿಡಿದುಕೊಂಡೆ. ಬಾಲ ಬಂದೇ ಬರುತ್ತೆ, ಬಂದೇ ಬರುತ್ತೆ ಅಂತ ಮನಸ್ಸಿನಲ್ಲಿ ಹೇಳಿಕೊಳ್ಳುತ್ತ 'ಹಾಯಿಯಾಗು' ಎಳೆದೆ, ತೂಗಿದೆ, ಇಳಿಸಿದೆ, ಅವಳನ್ನು ಬಿಟ್ಟು ಮುಂದಿನ ಸಾಲಿಗೆ ಹೋದೆ. ನನ್ನ ಕಿವಿಗೆ ಇಡೀ ಹಾಡು ಸೊಟ್ಟ. ನಾನೊಂದು ಕಡೆ, ಅವಳೊಂದು ಕಡೆ. ಕೊನೆಯ ಪದ ಮುಗಿಸಿ ಸುಮ್ಮನಾದ ಮೇಲೂ ಅವಳ ದನಿ ಒಂದು ಚೂರು ಉಳಿದುಕೊಂಡು, ಆಮೇಲೆ ಮುಗಿಯಿತು.

ಕೇಬಲ್ ಕೈಕೊಟ್ಟಿತೇನೋ ಎಂದು ಬಗ್ಗಿ ಅದರ ತುದಿ ಒತ್ತಿ ನೋಡಿದೆ.

"ಕೂಡಿತಲ್ಲೇ," ಎಂದಳು ಕೊನೆಗೆ. "ಎಲ್ಲೂ ತಪ್ಪಲಿಲ್ಲ. ಗಂಟಲು ಹಾಳಾಗಿದೆ, ಆದ್ರೆ ತಾಳ ಇದೆ ನಂಗೆ."

"ಇದೆ. ನಾನು ಹೇಳ್ಲಿಲ್ವಾ?"

"ನಿಂಗೂ ಹೀಗೇ ಕೇಳಿಸ್ತಾ?"

ಮಗಳು ನನ್ನ ಮುಖ ನೋಡಿದಳು.

"ಹೀಗೇ," ಎಂದೆ.

ಅಕ್ಕ ಮೂಗಿನಲ್ಲೇ ನಕ್ಕಳು. "ನಂಗೆ ಹಿತ್ತಲಲ್ಲಿ ಯಾವತ್ತೂ ಹೀಗೆ ಕೇಳಿಸಿರ್ಲಿಲ್ಲ ಕಣೇ. ಒಂದು ದಿನಾನೂ ಇಲ್ಲ. ನಾನು ಮೂರನೇ ಸಾಲಲ್ಲಿದ್ರೆ ನೀನು ಬೀದಿಯಲ್ಲಿ ಎರಡರಲ್ಲೇ ಇರ್ತಿದ್ದೆ. ಕಿವಿ ಮುಚ್ಕೊಂಡು ಹಾಡ್ಬೇಕು ಅನ್ನಿಸ್ತಿತ್ತು."

"ಮತ್ತೆ ಕಾಯ್ಬಹುದಿತ್ತಲ್ಲ?"

"ನಾನು ನಿಂತ್ರೆ ನೀನೂ ನಿಂತುಬಿಡ್ತಿದ್ದೆ. ಒಂದ್ಸಲ ನಿಂತು ನೋಡಿದ್ದೆ. ಪೊರಕೆ ಸದ್ದೂ ನಿಂತ್ಹೋಯ್ತು."

ಹೆಡ್‌ಫೋನು ತೆಗೆದು, ಮೂಗು ಒರೆಸಿಕೊಳ್ಳಲು ಬಟ್ಟೆಯ ಚೂರಿಗಾಗಿ ಹುಡುಕಿದೆ. ದಿನವಿಡೀ ಬಟ್ಟೆಯ ರಾಶಿಯಲ್ಲೇ ಬದುಕುವವಳಿಗೆ ಬೇಕಾದಾಗ ಒಂದು ಚೂರು ಸಿಗಲಿಲ್ಲ. ಮಗಳು ತನ್ನ ಅಂಗಿಯ ತೋಳನ್ನೇ ಚಾಚಿದಳು.

"ಅಮ್ಮ," ಎಂದಳು ಅವಳು, ಮೇಜಿನ ಮೇಲಿನ ಹೆಡ್‌ಫೋನಿನ ಕಡೆ ಕಣ್ಣಲ್ಲೇ ತೋರಿಸುತ್ತ. "ದೊಡ್ಡಮ್ಮ ಏನೋ ಹೇಳ್ತಿದ್ದಾರೆ."

ಎತ್ತಿ ಕಿವಿಗೆ ಇಟ್ಟುಕೊಳ್ಳುವಷ್ಟರಲ್ಲಿ ಮಾತು ಮುಗಿದು ಹಾಡು ಶುರುವಾಗಿತ್ತು. ಈ ಸಲ ಅವಳೇ ಎತ್ತಿಕೊಂಡಿದ್ದಳು. ಗೊಗ್ಗರು ದನಿ ಮೊದಲ ಸಾಲು ದಾಟಿ 'ಹಾಯಿಯಾಗು'ವಿನಲ್ಲಿ ತೂಗುತ್ತಿತ್ತು. ನಾನು ಗಡಿಬಿಡಿಯಲ್ಲಿ ಉಸಿರು ಎಳೆದುಕೊಂಡೆ. ಅವಳು ಕಾಯಲಿಲ್ಲ.