ಕಾಲಡಿಯ ಕಂಬಳಿ

ಡೆಲ್ಬರ್ಟ್‌ನ ಕೊನೆಯ ಹಾಡಿನ ಕೊನೆಯ ಚರಣ ಹಾಳು ಮಾಡಿದವನು ನಾನೇ. ಬೇರೆ ಯಾರನ್ನೂ ಬೈಯಬೇಡಿ.

೧೯೭೪ರಲ್ಲಿ ನಾನು ಡೆಟ್ರಾಯಿಟ್‌ನ ಒಂದು ಸಣ್ಣ ಸ್ಟುಡಿಯೊದಲ್ಲಿ ರೆಕಾರ್ಡಿಂಗ್ ಎಂಜಿನಿಯರ್. ಡೆಲ್ಬರ್ಟ್ ಕೆಂಟಕಿಯ ಗುಡ್ಡಗಳಿಂದ ಕಾರು ಕಾರ್ಖಾನೆಗೆ ಬಂದು, ಅಲ್ಲಿನ ಹಳ್ಳಿಗಾಡಿನ ಕಂಟ್ರಿ ಹಾಡುಗಾರನೆಂದು ಹೆಸರು ಮಾಡಿದವನು. ಅವನ ಹಿಂದಿನ ಆಲ್ಬಮ್‌ಗಳಲ್ಲಿ ಇಪ್ಪತ್ತು ಪಿಟೀಲು, ಹಿಂದೊಂದು ಕೋರಸ್ಸು. ಮದುವೆ ಮನೆ ಗದ್ದಲ. ಈ ಸಲ ಒಂದು ಬ್ಯಾಂಜೊ, ತಾಯಿ ಹಾಡುತ್ತಿದ್ದ ಹಳೆಯ ಹಾಡುಗಳು, ಇಷ್ಟೇ ಸಾಕೆಂದ. ಸೋಮವಾರ ಅವನ ಗಂಟಲಿನ ಆಪರೇಷನ್. ಆಮೇಲೆ ದನಿ ಇರುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು.

ಅದರ ಹಿಂದಿನ ಶನಿವಾರ ಎಂಟು ಹಾಡು ಹೇಗೋ ಮುಗಿದವು. ಒಂಬತ್ತನೆಯದು ತಾಯಿಗೆ ಪ್ರಿಯವಾದದ್ದು. ಅದಕ್ಕೆ ಅವನು ತಾಯಿಯ ಹಾಗೇ ಬೂಟಿನ ಹಿಮ್ಮಡಿಯಿಂದ ಹಲಗೆ ನೆಲ ಕುಟ್ಟತೊಡಗಿದ. ನಾನು ತಡೆದೆ. ಮೈಸೂರು ರೇಡಿಯೊದಲ್ಲಿ ನನಗೆ ಕೆಲಸ ಕಲಿಸಿದ ದಾನಪ್ಪನವರು ಹಾಡುವವರ ತೊಡೆಯ ಮೇಲೆ ಮಡಿಸಿದ ಶಾಲು ಹಾಕಿಸುತ್ತಿದ್ದರು. ತಾಳದ ಸದ್ದು ಮೈಕಿಗೆ ಬೀಳಬಾರದು. ನಾನೂ ದೊಡ್ಡ ಪಂಡಿತನ ಹಾಗೆ ಡೆಲ್ಬರ್ಟ್‌ನ ಕಾಲಡಿಗೆ ಕಂಬಳಿ ಮಡಿಸಿ ಹಾಕಿದೆ.

ಹಾಡು ದಾರಿ ತಪ್ಪಿತು. "ನೆಲವೇ ಕೇಳಿಸ್ತಿಲ್ಲ, ಸತ್ಯ," ಎಂದ.

"ಇನ್ನೊಂದು ಸಲ," ಎಂದೆ. ಮತ್ತೆ ತಪ್ಪಿತು. "ಇನ್ನೊಂದು ಸಲ." ಮೂರನೆಯದೂ ಹೋಯಿತು, ಅವನ ಗಂಟಲೂ ಒಡೆಯಿತು.

ಊಟದ ಡಬ್ಬಿ ತಂದು ಹಿಂದೆ ಕೂತಿದ್ದ ನನ್ನ ಹೆಂಡತಿ ಕೌಸಲ್ಯಾ ರೇಗಿದಳು. "ಅಲ್ಲಾ ರೀ, ತಲೆ ಕೆಟ್ಟಿದ್ಯಾ ನಿಮಗೆ? ಅವರಮ್ಮ ಜಮಖಾನ ಹಾಸ್ಕೊಂಡು ಹಾಡ್ತಿದ್ರಾ? ತೆಗೀರಿ ಅದನ್ನ!"

ತೆಗೆದೆ. ನಾಲ್ಕನೆಯ ಸಲ ಅವನು ಹಾಡಿದ್ದು ಕೇಳಿ ಮೈ ಜುಂ ಎಂದಿತು. ಕೊನೆಯ ಚರಣಕ್ಕೆ ದನಿ ನಿಂತೇಹೋಯಿತು. ತುಟಿ ಅಲುಗುತ್ತಿತ್ತು, ಕಾಲು ಮಾತ್ರ ಚರಣ ಮುಗಿಯುವವರೆಗೂ ಕುಟ್ಟಿತು. ಆ ಭಾಗ ಕತ್ತರಿಸು ಎಂದ ಸ್ಟುಡಿಯೊ ಮಾಲೀಕ. ಮೊದಲು ನನ್ನ ಕೈ ಕತ್ತರಿಸಿ ಎಂದೆ.

ಎರಡು ತಿಂಗಳ ಮೇಲೆ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಡೆಲ್ಬರ್ಟ್ ಡಿಯರ್‌ಬಾರ್ನ್‌ನ ನಮ್ಮ ಮನೆಗೆ ಬಂದ. ರೆಕಾರ್ಡ್ ಹಾಕಿದೆ. ಕೊನೆಯ ಚರಣದಲ್ಲಿ ಬರಿಯ ಬೂಟಿನ ಸದ್ದು. ಅಳು ತಡೆಯಲಾಗಲಿಲ್ಲ. "ಆ ಮೂರು ಸಲ ನಾನು ಹಾಳು ಮಾಡದಿದ್ದರೆ..." ಎಂದೆ.

ಅವನು ಜೇಬಿನಿಂದ ಚೀಟಿ ತೆಗೆದು ಬರೆದು ಕೊಟ್ಟ: "ಇನ್ನೊಂದು ಸಲ."

"ಕಾಲೆತ್ತಿ ಇಬ್ರೂ," ಎಂದಳು ಕೌಸಲ್ಯಾ. ನಮ್ಮ ಕಾಲಡಿಯ ಕಾರ್ಪೆಟ್ಟನ್ನು ಸುರುಳಿ ಸುತ್ತಿ ಗೋಡೆಗೆ ಒರಗಿಸಿದಳು. ಕೆಳಗೆ ಬರಿಯ ಹಲಗೆ ನೆಲ. ನಾನು ರೆಕಾರ್ಡಿನ ಮುಳ್ಳನ್ನೆತ್ತಿ ಮತ್ತೆ ಹಾಡಿನ ಮೊದಲಿಗೆ ಇಟ್ಟೆ.