ಕರೆಯದಿದ್ದಾಗಲೂ

ಮೆಟ್ರೋ ಹಾದುಹೋಗಿ ಕಿಟಕಿಯ ಗಾಜು ಇನ್ನೂ ಅದುರುತ್ತಿತ್ತು, ಗೋಡೆಯ ಮೇಲೆ ಅದರ ನೆರಳು ಉದ್ದಕ್ಕೆ ಹರಿದು ಮುಗಿದಿತ್ತು, ಗಾಜೂ ಸುಮ್ಮನಾಯಿತು, ಆಗ ಅವ್ವನ ಎಡರೆಪ್ಪೆ ಮಿಡಿಯಿತು — ಯಾರೂ ಕರೆದಿರಲಿಲ್ಲ, ವಚನಾ ಬೇಕೆಂದೇ ಬಾಯಿ ಬಿಗಿಹಿಡಿದು ಕೂತಿದ್ದಳು, ಹೀಗಾಗದಿರಲಿ ಎಂದು ಕಾಯುತ್ತ, ಮತ್ತೆ ಮಿಡಿಯಿತು. ಮೆದುಳಿನಲ್ಲಿ ರಕ್ತನಾಳ ಒಡೆದು ಅವ್ವ ವಿಜಯನಗರದ ಈ ನರ್ಸಿಂಗ್ ಹೋಮಿನಲ್ಲಿ ಮಾತಿಲ್ಲದೆ ಮಲಗಿದ ಮೇಲೆ, ಅವ್ವಾ ಅಂದರೆ ರೆಪ್ಪೆ ಮಿಡಿಯುತ್ತದೆಂದು ಮೊದಲು ಕಂಡವಳು ತಾನೇ, ಅಪ್ಪಾಜಿ ಬರ್ರಿ, ಅವ್ವಗ ಕೇಳಸ್ತೈತಿ ಎಂದು ಕೂಗಿದವಳೂ ತಾನೇ, ಶಂಭುಲಿಂಗಪ್ಪ ಓಡಿಬಂದು ಅಳುತ್ತ ಹೆಂಡತಿಯ ಹಣೆಗೆ ವಿಭೂತಿ ಹಚ್ಚಿದ್ದ, ಅಂದಿನಿಂದ ಡಾಕ್ಟರು ಏನೇ ಹೇಳಲಿ ಒಂದೇ ಹಟ, ಉಸಿರಿನ ಮಷಿನ್ ತೆಗ್ಯೂದು ಬ್ಯಾಡ್ರೀ, ನನ್ನ ಮಗಳು ವಿಜ್ಞಾನಿ, ಆಕೀನ ನೋಡ್ಯಾಳ — ವಿಜ್ಞಾನಿ. ಎಲ್ಲಾ ಸರಿ ಕಣಮ್ಮಾ, ಆ ಗ್ಯಾಲಕ್ಸಿಯ ಹಳೇ ಚಿತ್ರಗಳನ್ನ ನೋಡಿದ್ಯಾ, ಎಂದು ಪಿಎಚ್‌ಡಿ ಗೈಡ್ ಮಧ್ವೇಶ್ ಸರ್ ಕನ್ನಡಕ ಒರೆಸುತ್ತ ಕೇಳಿದ್ದು ಹೋದ ತಿಂಗಳು, ಎರಡು ಕಪ್ಪುಕುಳಿಗಳು ಸುತ್ತಿ ಸುತ್ತಿ ಒಂದಾದ ಗುರುತ್ವದ ಅಲೆ ಬಂದಿತ್ತು, ಕೆಲವು ವಾರಕ್ಕೆ ಅದೇ ದಿಕ್ಕಿನ ಗ್ಯಾಲಕ್ಸಿಯೊಂದರ ನಡುವೆ ಬೆಳಕು ಉಕ್ಕಿತ್ತು, ಕಪ್ಪುಕುಳಿಗೆ ತನ್ನದೆಂಬ ಬೆಳಕಿಲ್ಲ, ಆದರೆ ಅನಿಲದ ಸುಳಿಯೊಳಗೆ ಅವು ಕೂಡಿದರೆ, ಕೂಡಿ ಆದದ್ದು ಅನಿಲವನ್ನು ಸೀಳಿಕೊಂಡು ಹೋದರೆ, ಆ ಅನಿಲ ಕಾದು ಹೊಳೆಯಬಹುದು — ಆ ಬಹುದನ್ನು ನುಂಗಿ ವಚನಾ ಹೌದು, ಈ ಬೆಳಕು ಆ ಅಲೆಯದೇ ಎಂದಿದ್ದಳು, ಸೆಮಿನಾರಿನಲ್ಲಿ ಚಪ್ಪಾಳೆ, ಏನಮ್ಮಾ ತಾಯಿ, ಕತ್ತಲೆಗೇ ಟಾರ್ಚ್ ಬಿಟ್ಟಿದೀಯಾ ಎಂದು ಜೊತೆಯ ರೇವಂತ್. ಹಳೇ ಚಿತ್ರ ತೆಗೆದರೆ ಆ ಗ್ಯಾಲಕ್ಸಿ ಮೊದಲೂ ಹಾಗೇ ಉಕ್ಕಿತ್ತು, ಯಾವ ಅಲೆಯೂ ಬಾರದ ವರ್ಷದಲ್ಲಿ, ಸುಮ್ಮನೆ, ತನ್ನಷ್ಟಕ್ಕೆ. ಚಂದ್ರಾ ಲೇಔಟಿನ ಮನೆಯಲ್ಲಿ ಗೇಟಿನಿಂದ ಅವ್ವಾ ಅಂದರೆ ಒಳಗೆ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತಿತ್ತು, ಕರೆದಾಗ ಮಾತ್ರ ನಿಲ್ಲುತ್ತಿತ್ತು, ಬಾರವಾ, ಕೈಯೆಲ್ಲ ಹಿಟ್ಟಾಗೈತಿ, ಅದು ಉತ್ತರ, ಇದು ಉತ್ತರವಲ್ಲ, ಇದನ್ನು ಅಪ್ಪನಿಗೆ ಹೇಳಬೇಕು, ಸಂಜೆ ಡಾಕ್ಟರು ಮಷಿನ್ ಬಗ್ಗೆ ಕೇಳಲು ಬರುವ ಮೊದಲೇ ಹೇಳಬೇಕು, ಅವ್ವ ಇಲ್ಲ ಎನ್ನುವುದನ್ನು ಅವಳಲ್ಲದೆ ಯಾರು ಹೇಳಿದರೂ ಆತ ನಂಬುವುದಿಲ್ಲ — ಬಾಗಿಲು, ಅಪ್ಪ, ಕೈಯಲ್ಲಿ ಕಾಫಿ ಫ್ಲಾಸ್ಕು, ಯಾಕವಾ ಸುಮ್ನ ಕುಂತೀ, ಕರಿ ಆಕೀನ್ನ, ಬೇಜಾರಾಕ್ಕಾಳ. ಅವಳು ಕರೆಯಲಿಲ್ಲ, ಆತನೂ ಇನ್ನೂ ಕರೆದಿಲ್ಲ, ರೆಪ್ಪೆ ಮಿಡಿಯಿತು, ನೋಡಿದ್ಯಾ, ಆತ ನಗುತ್ತಾನೆ, ನಾ ಬಂದದ್ದು ಗೊತ್ತಾತು, ಕಳ್ಳಿ, ಕಾಫಿ ವಾಸನಿ ಹಿಡದಾಳ. ಅಪ್ಪಾಜಿ, ಎಂದಳು ವಚನಾ, ಅಪ್ಪಾಜಿ, ಅದು — ರೆಪ್ಪೆ, ಮಿಡಿದು, ನಿಂತು, ಯಾರಿಗೂ ಅಲ್ಲದೆ ಮಿಡಿದು —