ದುರ್ಗದಲ್ಲಿ ಇಲ್ಲ, ಹಟ್ಟಿಯಲ್ಲಿ ಹೌದು

ದುರ್ಗದ ಕೋರ್ಟಿನ ಕಟಕಟೆಯಲ್ಲಿ ನಿಂತ ಬೊಮ್ಮಣ್ಣನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅದೇ ದೊಡ್ಡ ತಲೆನೋವು.

ಅವನು ಮೊಳಕಾಲ್ಮೂರು ಸೀಮೆಯ ಹಟ್ಟಿಯ ಕಿಲಾರಿ. ದೇವರಿಗೆ ಬಿಟ್ಟ ಎತ್ತುಗಳನ್ನು ಕಾಯುವವನು. ಮಂದೆಯ ಹೋರಿಯೊಂದು ಚಳ್ಳಕೆರೆ ಕಡೆಯ ಸರ್ಕಾರಿ ದನ ಮೇಯುವ ಕಾವಲಿಗೆ ನುಗ್ಗಿತು. ಅಲ್ಲಿನವರು ಅದನ್ನು ಹಿಡಿದು, ತೊಡೆಗೆ ಮುದ್ರೆ ಕಾಸಿ ಒತ್ತಿ, ನಮ್ಮದೇ ಅಂದರು. ಬೊಮ್ಮಣ್ಣ ಹಾಡುಹಗಲೇ ಹೋಗಿ ಹೋರಿಯನ್ನು ಹೊಡೆದುಕೊಂಡು ಬಂದ. ಮುದ್ರೆ ಬಿದ್ದ ದನ ಒಯ್ದರೆ ಏಳು ವರ್ಷ ಜೈಲು.

"ಹೊಡ್ಕಂಡ್ ಬಂದಿದ್ದು ಹೌದು ಬುದ್ಧಿ. ಕದ್ದಿಲ್ಲ. ನಮ್ದೇ ಹೋರಿ," ಎಂದ ಬೊಮ್ಮಣ್ಣ.

"ಮುದ್ರೆಯ ದನ ಒಯ್ದನೋ ಇಲ್ಲವೋ, ಅಷ್ಟು ಹೇಳಿ," ಎಂದರು ಜಡ್ಜಿ, ತೀರ್ಪು ಹೇಳಲು ಊರವರಲ್ಲೇ ಆರಿಸಿ ಕೂರಿಸಿದ್ದ ಐವರು ಜೂರಿಗಳ ಕಡೆ ತಿರುಗಿ. "ಕಾನೂನು ಸರಿಯೋ ತಪ್ಪೋ, ಅದು ನಿಮಗೆ ಬೇಡ."

ಜೂರಿಗಳಲ್ಲಿ ಒಬ್ಬ ಚಿತ್ತಯ್ಯ. ಹನ್ನೆರಡು ಹಟ್ಟಿಗಳಿಗೆ ನ್ಯಾಯ ಹೇಳುವ ಕಟ್ಟೆಮನೆಯ ಯಜಮಾನ. ಪಕ್ಕದ ಕೋಣೆಗೆ ಹೋದದ್ದೇ ಮೀಸೆ ತಿರುವಿ, "ಇಲ್ಲ ಅಂದ್ಬಿಡಾಣ," ಎಂದ.

"ಏಮಯ್ಯಾ, ಅವ್ನೇ ಹೌದು ಅಂತಾನಲ್ಲ," ಎಂದ ಸೀರೆ ನೇಯುವ ವೆಂಕಟಪ್ಪ.

"ಅವ್ನು ಒಪ್ಕಂಡ್ರೆ ಆತಾ? ನಾವು ಒಪ್ಕಬೇಕಲ್ಲ."

"ಜಡ್ಜಿ ಸಿಟ್ಟಾದ್ರೆ?"

"ಜವಾನನ್ನ ಕೇಳಿವ್ನಿ. ಇಲ್ಲ ಅಂದ ಜೂರಿನ ಯಾವನೂ ಮುಟ್ಟಂಗಿಲ್ಲ. ನಾವು ಬಾಯಿ ತೆಗದ್ರೆ ಕಾನೂನು ಬಾಯಿ ಮುಚ್ಕಬೇಕು."

"ನಿನ್ ಮಾತಿಗೆ ನನ್ ಸಡಿಲ ಪಂಚೆನೂ ಬಿಗಿಯಾತು ಮಾರಾಯ."

ಐವರೂ ಇಲ್ಲ ಅಂದರು. ಜಡ್ಜಿಯ ಮುಖ ಹಾಗಲಕಾಯಿ ಅಗಿದಂತಾಯಿತು. ಕೇಸು ಮುಗಿಯುವ ತನಕ ಮೂರು ತಿಂಗಳು ಜೈಲಿನಲ್ಲಿದ್ದ ಬೊಮ್ಮಣ್ಣ ಹೊರಬಂದು ಚಿತ್ತಯ್ಯನ ಕಾಲಿಗೆ ಬಿದ್ದ. ಚಳ್ಳಕೆರೆ ಸಂತೆ ದಾಟುವಷ್ಟರಲ್ಲಿ ಸುದ್ದಿ ಚಿತ್ತಯ್ಯನಿಗಿಂತ ಮುಂದೆ ಓಡಿತ್ತು. ಸರ್ಕಾರಕ್ಕೇ ಇಲ್ಲ ಅಂದ ಗಂಡು. ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಬರುವುದೊಂದು ಬಾಕಿ.

ಐದನೇ ದಿನ ಕಟ್ಟೆಮನೆ ಕೂಡಿತು. ಬೇವಿನ ಮರದ ಕೆಳಗೆ ಬೊಮ್ಮಣ್ಣನನ್ನು ನಿಲ್ಲಿಸಿದರು.

"ಮೂರು ತಿಂಗ್ಳು ಯಾರ ಒಲೆ ಮುದ್ದೆ ಉಂಡ್ಯೋ?" ಕೇಳಿದ ಹಿರಿಯ ದೊಡ್ಡೀರಪ್ಪ.

"ಜೈಲಿಂದು."

ಕಿಲಾರಿಯಾದವನು ಪರರ ಒಲೆಯದು ಉಣ್ಣಬಾರದು. ಉಂಡರೆ ಗುಡಿಸಲು ಸುಟ್ಟು ಹನ್ನೆರಡು ಹಟ್ಟಿಯಿಂದಲೂ ಹೊರಗೆ. ಹೆತ್ತವಳೂ ನೀರು ಕೊಡುವಂತಿಲ್ಲ. ಮೊದಲ ಬೆಂಕಿ ಯಜಮಾನನದು.

ಬೊಮ್ಮಣ್ಣನ ಅವ್ವ ದ್ಯಾಮಮ್ಮ ಚಿತ್ತಯ್ಯನ ಮುಂದೆ ಬಂದಳು. "ಗೌಡ್ರೆ, ದುರ್ಗದಾಗೆ ಇಲ್ಲ ಅಂದ್ರಲ್ಲ, ಇಲ್ಲೂ ಅನ್ರಿ. ನನ್ ಮಗ ಉಪಾಸ ಬಿದ್ದು ಸಾಯ್ಬೇಕಿತ್ತಾ?"

ಚಿತ್ತಯ್ಯನ ತುಟಿ ಅಲುಗಿತು. ಈ ಕಟ್ಟುಪಾಡು ಅನ್ಯಾಯದ್ದೆಂದು ಅವನಿಗೆ ಗೊತ್ತಿತ್ತು. ಆದರೆ ದುರ್ಗದಲ್ಲಿ ತನ್ನನ್ನು ಯಾರೂ ಮುಟ್ಟುವಂತಿರಲಿಲ್ಲ; ಇಲ್ಲಿ ಕೂತವರೆಲ್ಲ ಮುಟ್ಟಬಲ್ಲವರೇ.

"ಹೇಳಪ್ಪ, ಇಲ್ಲ ಅನ್ನು," ದೊಡ್ಡೀರಪ್ಪ ಎಲೆ ಅಡಿಕೆ ಮೆಲ್ಲುತ್ತ ನಕ್ಕ. "ನಿನ್ ಮಗಳು ಬೋರಕ್ಕನ್ನ ನಮ್ ಮನೆಗೇ ಅಲ್ವಾ ತಂದ್ಕಳ್ಳಾದು? ಬರೋ ತಿಂಗ್ಳು ಮದುವೆ. ನೀನು ಏನಂದ್ರೂ ಸರಿ."

ಚಿತ್ತಯ್ಯ ನೆಲ ನೋಡಿದ. "ಅದು ಅವರ ಕಾನೂನು ಕಣವ್ವ. ಇದು ನಮ್ದು."

"ಜೈಲಾಗಿದ್ರೆ ಏಳು ವರ್ಷಕ್ಕೆ ಬಿಡ್ತಿದ್ರು ಗೌಡ್ರೆ," ಎಂದ ಬೊಮ್ಮಣ್ಣ. "ಇಲ್ಲಿ?"

"ಇಲ್ಲಿ ಬಿಡಾದಿಲ್ಲ ಕಣಲೇ," ಎಂದ ದೊಡ್ಡೀರಪ್ಪ.

ಚಿತ್ತಯ್ಯ ಬೊಮ್ಮಣ್ಣನ ಗುಡಿಸಲಿಗೆ ಕೊಳ್ಳಿ ಇಟ್ಟ. ಒಣಗಿದ ಹುಲ್ಲು ಒಂದೇ ಉಸಿರಿಗೆ ಹತ್ತಿಕೊಂಡಿತು. ಮಗನ ಕಂಬಳಿಯನ್ನಾದರೂ ಉಳಿಸಿಕೊಳ್ಳಲು ದ್ಯಾಮಮ್ಮ ಒಳಗೆ ಓಡಿದಳು. ಚಿತ್ತಯ್ಯ ಹಾರಿ ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದ. ಮುದುಕಿ ಸುಟ್ಟಾಳೆಂಬ ಕನಿಕರಕ್ಕಲ್ಲ. ಒಳಗಿನ ಒಂದು ಸಾಮಾನೂ ಹೊರಗೆ ಬರಬಾರದೆಂಬುದೂ ಕಟ್ಟಿನಲ್ಲಿತ್ತು. ಗುಡಿಸಲು ಬೂದಿಯಾಗುವ ತನಕ ಅವನು ಆ ರಟ್ಟೆ ಬಿಡಲಿಲ್ಲ.